ಹಳೇ ಪಿಕಪ್‌ನ ಡೀಸೆಲ್ ಮುಳ್ಳನ್ನು ಎಷ್ಟು ನಂಬಬೇಕು?

ಬೆಳಗಿನ ಜಾವ ಸೊಪ್ಪು ತುಂಬಿಕೊಂಡು ಹೊಸಕೋಟೆ ಕಡೆಯಿಂದ ಶಿವಾಜಿನಗರದ ರಸೆಲ್ ಮಾರ್ಕೆಟ್‌ಗೆ ಹೊರಟಿದ್ದೀರಿ. ಮುಳ್ಳು ಕಾಲು ಟ್ಯಾಂಕ್ ತೋರಿಸ್ತಿದೆ. ಆದರೂ ಕೆ.ಆರ್. ಪುರಂ ತೂಗುಸೇತುವೆ ಹತ್ತಿರ ಗಾಡಿ ನಿಂತುಬಿಟ್ಟರೆ?

ಟ್ಯಾಂಕ್ ಒಳಗೆ ತೇಲುವ ಫ್ಲೋಟ್ ಇರುತ್ತೆ. ಅದರ ಕಡ್ಡಿ ಒಂದು ರೆಸಿಸ್ಟೆನ್ಸ್ ಪಟ್ಟಿ ಮೇಲೆ ಸರಿದಂತೆ ಮುಳ್ಳು ತಿರುಗುತ್ತೆ. ಹಳೇ ಗಾಡಿಯಲ್ಲಿ ಪಟ್ಟಿ ಸವೆದಿರಬಹುದು, ಅರ್ಥ್ ವೈರ್ ತುಕ್ಕು ಹಿಡಿದಿರಬಹುದು. ಏರಿನಲ್ಲಿ ಡೀಸೆಲ್ ಒಂದು ಕಡೆ ಸರಿದರೂ ಲೆಕ್ಕ ತಪ್ಪುತ್ತೆ.

ಅದಕ್ಕೇ ಫುಲ್ ಟ್ಯಾಂಕ್ ಮಾಡಿಸಿ, ಕಿಲೋಮೀಟರ್ ರೀಡಿಂಗ್ ಫೋಟೋ ತೆಗೆದಿಡಿ. ಮತ್ತೆ ಫುಲ್ ಮಾಡಿಸಿದಾಗ 300 ಕಿ.ಮೀ.ಗೆ 25 ಲೀಟರ್ ಹಿಡಿಸಿದರೆ, ಮೈಲೇಜ್ 12. ಇನ್ಮುಂದೆ ಮುಳ್ಳಿನ ಬದಲು ಈ ಲೆಕ್ಕ ನೋಡಿ ಬಂಕ್‌ಗೆ ಹೋಗಿ.

ಡೀಸೆಲ್ ಪೂರ್ತಿ ಖಾಲಿಯಾದರೆ ಪೈಪಿಗೆ ಗಾಳಿ ಸೇರುತ್ತೆ. ಆ ಗಾಳಿ ತೆಗೆದು ಸ್ಟಾರ್ಟ್ ಮಾಡೋ ಹೊತ್ತಿಗೆ ಸೊಪ್ಪು ಬಾಡಿರುತ್ತೆ, ರೇಟೂ ಬಿದ್ದಿರುತ್ತೆ.