ಹಲಸಿನ ಮರದ ನಂಬರು ಮತ್ತು ವಿಲುಕಪ್

ಗುಬ್ಬಿ ತಾಲ್ಲೂಕಿನ ಚೇಳೂರು ಹಲಸಿಗೆ ಹೆಸರಾದ ಊರು. ಇಲ್ಲಿನ ರೈತ ಎಸ್.ಎಸ್. ಪರಮೇಶ ಅವರ ತೋಟದ ಕೆಂಪು ತೊಳೆಯ ಹಲಸನ್ನು ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆ ಗುರುತಿಸಿತು. ಪರಮೇಶ ಅವರ ತಂದೆಯ ಹೆಸರಿನಿಂದ ಅದು ‘ಸಿದ್ದು’ ಆಯಿತು. ಕಸಿ ಗಿಡ ತಾಯಿಮರದ ಗುಣವನ್ನೇ ಹೊರುತ್ತದೆ. ಬೀಜದಿಂದ ಎದ್ದ ಹಲಸು ಹಾಗಲ್ಲ, ಒಂದರ ಬಣ್ಣ, ರುಚಿ ಇನ್ನೊಂದಕ್ಕಿಲ್ಲ. ಅಂಥ ಮರಗಳ ಲೆಕ್ಕ ಇಡುವವರು ಮರಕ್ಕೊಂದು ನಂಬರು ಕೊಡಲೇಬೇಕು. ಎಕ್ಸೆಲ್‌ನಂಥ ಸ್ಪ್ರೆಡ್‌ಶೀಟಿನಲ್ಲಿ ಮಾಹಿತಿ ಹುಡುಕುವ ವಿಲುಕಪ್‌ನಂಥ ಸೂತ್ರಗಳಿಗೆ ಬೇಕಾದದ್ದೂ ಅದೇ.

ಎ ಕಾಲಂನಲ್ಲಿ ಮರದ ನಂಬರು, ಬಿಯಲ್ಲಿ ಜಾಗ, ಸಿಯಲ್ಲಿ ತೊಳೆಯ ಬಣ್ಣ, ಡಿಯಲ್ಲಿ ಹಣ್ಣಿನ ತೂಕ ಇದೆ ಎಂದಿಟ್ಟುಕೊಳ್ಳಿ. 31ನೇ ಮರದ ಬಣ್ಣ ಬೇಕು. ಆಗ ಬರೆಯುವುದು (ಇಂಗ್ಲಿಷ್ ಅಕ್ಷರಗಳಲ್ಲಿ): =ವಿಲುಕಪ್(31, ಎ2:ಡಿ61, 3, 0). ಏನನ್ನು ಹುಡುಕಬೇಕು, ಯಾವ ಪಟ್ಟಿಯಲ್ಲಿ, ಎಷ್ಟನೇ ಕಾಲಂನ ಉತ್ತರ ಬೇಕು ಎಂದು ಮೊದಲ ಮೂರು ಹೇಳುತ್ತವೆ. ಹುಡುಕಾಟ ನಡೆಯುವುದು ಪಟ್ಟಿಯ ಮೊದಲ ಕಾಲಂನಲ್ಲಿ ಮಾತ್ರ.

ಕೊನೆಯ ಸೊನ್ನೆಯನ್ನು ಹೊಸಬರು ಬಿಟ್ಟುಬಿಡುತ್ತಾರೆ. ಅಪಾಯ ಇರುವುದು ಅಲ್ಲೇ. ಸೊನ್ನೆ ಇದ್ದರೆ 31 ಸಿಕ್ಕರಷ್ಟೇ ಉತ್ತರ, ಸಿಗದಿದ್ದರೆ #ಎನ್/ಎ. ಸೊನ್ನೆ ಇಲ್ಲದಿದ್ದರೆ, ಪಟ್ಟಿ ಏರಿಕೆಯ ಕ್ರಮದಲ್ಲಿದೆ ಎಂದೇ ಎಕ್ಸೆಲ್ ನಂಬುತ್ತದೆ. ನಡುವಿನ ಸಾಲು ನೋಡಿ, ಅಲ್ಲಿನ ಸಂಖ್ಯೆ ದೊಡ್ಡದಾದರೆ ಕೆಳಗಿನ ಅರ್ಧವನ್ನೇ ಕೈಬಿಡುತ್ತದೆ. ನಂಬರುಗಳು ಹಿಂದುಮುಂದಾಗಿದ್ದರೆ, ಬೇಕಾದ ಮರ ಆ ಅರ್ಧದಲ್ಲೇ ಉಳಿದು, ಬೇರೆ ಮರದ ಬಣ್ಣ ಸದ್ದಿಲ್ಲದೆ ಬಂದು ಕೂರಬಹುದು. #ಎನ್/ಎ ಕಂಡರೆ ತಪ್ಪು ಗೊತ್ತಾಗುತ್ತದೆ; ಈ ತಪ್ಪು ಗೊತ್ತಾಗುವುದೇ ಇಲ್ಲ. ಹೀಗಾಗಿ ನನಗೆ ಇದರ ಭಯವೇ ಹೆಚ್ಚು.

ಸೊನ್ನೆ ಇಲ್ಲದ ಈ ಬಗೆಯ ಹುಡುಕಾಟಕ್ಕೂ ಒಂದು ಒಳ್ಳೆಯ ಬಳಕೆ ಇದೆ. 0, 5, 10, 20 ಕಿಲೋಗಳಿಗೆ ಬೇರೆಬೇರೆ ದರ ಇದ್ದರೆ, 7 ಕಿಲೋ ಹಣ್ಣಿಗೆ ಅದು 5ರ ಸಾಲಿನ ದರ ತರುತ್ತದೆ.

2019ರಲ್ಲಿ ಮೈಕ್ರೋಸಾಫ್ಟ್ ಪ್ರಕಟಿಸಿದ ಎಕ್ಸ್‌ಲುಕಪ್ ಹೇಳದೆಯೇ ನಿಖರ ಹೊಂದಿಕೆ ಹುಡುಕುತ್ತದೆ, ಎಡಗಡೆಯ ಕಾಲಂನಿಂದಲೂ ಉತ್ತರ ತರುತ್ತದೆ. ಹಳೆಯ ಎಕ್ಸೆಲ್‌ಗಳಲ್ಲಿ ಅದಿಲ್ಲ.

ಕನ್ನಡದಲ್ಲಿ ಹುಡುಕುವವರಿಗೆ ಇನ್ನೊಂದು ತೊಡಕು. ಹಳೆಯ ನುಡಿ ಫಾಂಟಿನ ‘ಸಿದ್ದು’, ಯೂನಿಕೋಡಿನ ‘ಸಿದ್ದು’ ಪರದೆಯ ಮೇಲೆ ಒಂದೇ; ಒಳಗಿನ ಸಂಕೇತಗಳು ಬೇರೆ. ಸೂತ್ರ ನೋಡುವುದು ಸಂಕೇತವನ್ನು. ಹಳೆಯ ಪಟ್ಟಿಯನ್ನು ಮೊದಲು ಯೂನಿಕೋಡಿಗೆ ಪರಿವರ್ತಿಸಿಕೊಳ್ಳಿ. ಆಮೇಲೂ ಸಿಗದಿದ್ದರೆ ಹೆಸರಿನ ಕೊನೆಯಲ್ಲಿ ಖಾಲಿ ಜಾಗ ಅಡಗಿದೆಯೇ ನೋಡಿ. ‘ಟ್ರಿಮ್’ ಸೂತ್ರ ಅದನ್ನು ತೆಗೆಯುತ್ತದೆ.