ಕ್ರೂಸರ್ ಬೈಕಲ್ಲಿ ಕಾಲು ಚಾಚಿ ಕೂತರೆ ಬೆನ್ನುನೋವು ಬರಲ್ವಾ? ಫಾರ್ವರ್ಡ್ ನಂಬಿ ಬುಕ್ ಮಾಡುವ ಮುನ್ನ ಇದನ್ನು ಓದಿ

"ಬೆನ್ನುನೋವು ಇರುವವರು ಕ್ರೂಸರ್ ಬೈಕನ್ನೇ ಕೊಳ್ಳಿ. ಕಾಲು ಮುಂದೆ ಚಾಚಿ ಕೂರುವುದರಿಂದ ಬೆನ್ನಿಗೆ ಭಾರ ಬೀಳುವುದಿಲ್ಲ. ಬೈಕ್ ಭಾರವಾದಷ್ಟೂ ರೋಡ್ ಗ್ರಿಪ್ ಜಾಸ್ತಿ, ಅಪಘಾತ ಕಡಿಮೆ. ಎಲ್ಲರಿಗೂ ಶೇರ್ ಮಾಡಿ."

ಇಂಥದ್ದೊಂದು ಮೆಸೇಜನ್ನು ನನಗೆ ಕಳಿಸಿದ್ದು ನಮ್ಮ ಚಿಕ್ಕಪ್ಪನ ಮಗ. ಜೊತೆಗೆ ಒಂದು ಸಾಲು: "ಅಕ್ಕಾ, ಇದು ನಿಜಾನಾ? ಮುಂದಿನ ವಾರ ಅಡ್ವಾನ್ಸ್ ಕಟ್ಬೇಕು." ಅವನದು ಹಲಕುಂದಿ ಹತ್ತಿರದ ಕಾರ್ಖಾನೆಯೊಂದರಲ್ಲಿ ಶಿಫ್ಟ್ ಕೆಲಸ, ಮನೆ ಬಳ್ಳಾರಿಯಲ್ಲಿ. ಎರಡು ವರ್ಷದಿಂದ ಸೊಂಟನೋವು. ಬೈಕಿಗೆ ಸಾಲ ಮಾಡುತ್ತಿದ್ದಾನೆ, ಕಂತು ಮೂರು ವರ್ಷ. ಹಾಗಾಗಿ "ನಿನಗೆ ಇಷ್ಟವಾದದ್ದು ತಗೋ" ಎಂದು ಹೇಳಿ ಮುಗಿಸುವ ಹಾಗಿರಲಿಲ್ಲ.

ಮೆಸೇಜಿನಲ್ಲಿ ಅರ್ಧ ಸತ್ಯ ಇದೆ. ಉಳಿದರ್ಧವೇ ತೊಂದರೆ.

ಬೆನ್ನಿನ ವಿಷಯ

ಬೈಕ್ ಮೇಲೆ ನಾವು ಹೇಗೆ ಕೂರುತ್ತೇವೆ ಎನ್ನುವುದನ್ನು ಮೂರು ಜಾಗಗಳು ನಿರ್ಧರಿಸುತ್ತವೆ: ಹ್ಯಾಂಡಲ್, ಸೀಟು, ಫುಟ್‌ರೆಸ್ಟ್. ಕ್ರೂಸರ್‌ನಲ್ಲಿ ಸೀಟು ತಗ್ಗು, ಫುಟ್‌ರೆಸ್ಟ್ ಮುಂದೆ, ಹ್ಯಾಂಡಲ್ ಎತ್ತರ. ಆರಾಮ ಕುರ್ಚಿಯಲ್ಲಿ ಕೂತ ಹಾಗೆ. ಮೊಣಕಾಲು, ಮಣಿಕಟ್ಟಿಗೆ ಇದು ನಿಜಕ್ಕೂ ಹಿತ. ಮೆಸೇಜ್ ಹೇಳುವ ಅರ್ಧ ಸತ್ಯ ಇದೇ.

ಆದರೆ ಕಾಲು ಮುಂದೆ ಹೋದಾಗ ಸೊಂಟದ ಮೂಳೆ ಹಿಂದಕ್ಕೆ ವಾಲುತ್ತದೆ. ಬೆನ್ನಿನ ಕೆಳಭಾಗದಲ್ಲಿ ಸಹಜವಾಗಿ ಇರುವ ಒಳಬಾಗು ಚಪ್ಪಟೆಯಾಗುತ್ತದೆ. ಮೈಭಾರದ ಬಹುಪಾಲು ನೇರ ಸೀಟಿನ ಮೇಲೆ, ಅಂದರೆ ಬೆನ್ನುಮೂಳೆಯ ಬುಡದಲ್ಲಿ ಕೂರುತ್ತದೆ. ಸಪಾಟು ರಸ್ತೆಯಲ್ಲಿ ಇದು ಅಷ್ಟಾಗಿ ಗೊತ್ತಾಗದು. ಗುಂಡಿ ಬಂದಾಗ ಗೊತ್ತಾಗುತ್ತದೆ.

ಹಂಪ್ ಬಂದಾಗ ಮಾಮೂಲಿ ಬೈಕಿನವರು ಏನು ಮಾಡುತ್ತಾರೆ ನೆನಪಿಸಿಕೊಳ್ಳಿ. ಫುಟ್‌ರೆಸ್ಟ್ ಮೇಲೆ ಕಾಲೂರಿ ಸೀಟಿನಿಂದ ಒಂದಿಷ್ಟು ಏಳುತ್ತಾರೆ, ಹೊಡೆತವನ್ನು ಮೊಣಕಾಲು ತಿನ್ನುತ್ತದೆ. ಕಾಲು ಮೈಯ ಕೆಳಗಿದ್ದರೆ ಮಾತ್ರ ಹೀಗೆ ಏಳಲು ಸಾಧ್ಯ. ಕುರ್ಚಿಯಲ್ಲಿ ಕಾಲು ಚಾಚಿ ಕೂತು, ಕೈ ಊರದೆ ಎದ್ದು ನೋಡಿ, ಆಗುವುದಿಲ್ಲ. ಕ್ರೂಸರ್‌ನಲ್ಲೂ ಅಷ್ಟೇ. ಹೊಡೆತ ನೇರ ಬೆನ್ನಿಗೆ.

ಅದರ ಮೇಲೆ ಸಸ್ಪೆನ್ಷನ್ ಲೆಕ್ಕ. ಸೀಟು ತಗ್ಗಿರಬೇಕಾದರೆ ಹಿಂದಿನ ಚಕ್ರಕ್ಕೆ ಮೇಲೆ ಕೆಳಗೆ ಆಡಲು ಜಾಗ ಕಡಿಮೆ. ರಾಯಲ್ ಎನ್‌ಫೀಲ್ಡ್‌ನ ಸೂಪರ್ ಮೀಟಿಯೋರ್ 650ರಲ್ಲಿ ಹಿಂದಿನ ಚಕ್ರ ಆಡುವುದು ಸುಮಾರು 100 ಮಿ.ಮೀ. ಅದೇ ಕಂಪನಿಯ ಹಿಮಾಲಯನ್ 450ರಲ್ಲಿ 200 ಮಿ.ಮೀ. ಅದಿರು ಲಾರಿಗಳು ಓಡಾಡಿ ಅಂಚು ಕಿತ್ತುಹೋದ ರಸ್ತೆಯಲ್ಲಿ ಈ ವ್ಯತ್ಯಾಸ ಸೊಂಟಕ್ಕೆ ಅರ್ಥವಾಗುತ್ತದೆ. ವರ್ಷಗಟ್ಟಲೆ ಇಡೀ ಮೈಗೆ ತಾಗುವ ಕುಲುಕಾಟದಿಂದ ಸೊಂಟನೋವಿನ ಅಪಾಯ ಹೆಚ್ಚುತ್ತದೆ ಎಂಬುದು ಲಾರಿ, ಟ್ರ್ಯಾಕ್ಟರ್ ಓಡಿಸುವವರ ಮೇಲಿನ ಅಧ್ಯಯನಗಳಲ್ಲೂ ಕಂಡಿದೆ.

ಹಾಗಂತ ಟೂರರ್ ಕೊಂಡರೆ ಬೆನ್ನುನೋವು ಹೋಗುತ್ತದೆ ಎಂದೂ ಅಲ್ಲ. ಯಾವ ಬೈಕೂ ಔಷಧಿ ಅಲ್ಲ. ನೋವು ಕಾಲಿಗಿಳಿದು ಜೋಮು ಹಿಡಿಯುತ್ತಿದ್ದರೆ ಶೋರೂಮಿಗಿಂತ ಮೊದಲು ಮೂಳೆ ಡಾಕ್ಟರ ಹತ್ತಿರ ಹೋಗಬೇಕು. ಕಾಲಲ್ಲಿ ಶಕ್ತಿ ಕುಂದಿದರೆ, ಮೂತ್ರ ಹಿಡಿತ ತಪ್ಪಿದರೆ ಅದೇ ದಿನ ಆಸ್ಪತ್ರೆಗೆ.

ಟೂರರ್ ಅಂದರೆ ಏನು?

ಕ್ರೂಸರ್ ಹುಟ್ಟಿದ್ದು ಅಮೆರಿಕದ ಅಗಲವಾದ, ನೇರವಾದ ಹೆದ್ದಾರಿಗಳಿಗೆ. ನಮ್ಮಲ್ಲಿ ಅದನ್ನು ಕೈಗೆಟುಕುವ ಬೆಲೆಗೆ ತಂದದ್ದರಲ್ಲಿ 2005ರ ಬಜಾಜ್ ಅವೆಂಜರ್‌ಗೆ ದೊಡ್ಡ ಪಾಲಿದೆ. ಟೂರರ್ ದೂರ ಪ್ರಯಾಣಕ್ಕೆಂದೇ ಮಾಡಿದ್ದು: ಎದೆಗೆ ಗಾಳಿ ಬಡಿಯದಂತೆ ಮುಂದೆ ಗಾಜು, ದೊಡ್ಡ ಟ್ಯಾಂಕು, ಸಾಮಾನು ಕಟ್ಟಲು ಜಾಗ, ನೇರ ಕೂರುವ ಭಂಗಿ. ಭಾರತದಲ್ಲಿ ಮಧ್ಯಮ ವರ್ಗದವರು ಕೊಳ್ಳುವ ಟೂರರ್ ಹೆಚ್ಚಾಗಿ ಅಡ್ವೆಂಚರ್ ಟೂರರ್, ಅಂದರೆ ಎತ್ತರದ, ಕೆಟ್ಟ ರಸ್ತೆಯನ್ನೂ ತಾಳುವ ಬಗೆ.

ಇದ್ಯಾವ ಹೆಸರೂ ಇಲ್ಲದ ಕಾಲದಲ್ಲೂ ಜನ ದೂರ ಹೋಗುತ್ತಿದ್ದರು. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ 1961ರಿಂದ 1996ರವರೆಗೆ ತಯಾರಾದ ಜಾವಾ, ಯೆಜ್ಡಿಗಳು ಹೆಚ್ಚಾಗಿ 250 ಸಿ.ಸಿ.ಯವು. ಮುಂದೆ ಗಾಜಿಲ್ಲ, ಡಿಸ್ಕ್ ಬ್ರೇಕ್ ಇಲ್ಲ. ಅದೇ ಬೈಕಲ್ಲಿ ಸಂತೆ, ಅದೇ ಬೈಕಲ್ಲಿ ಧರ್ಮಸ್ಥಳ. ಆದರೆ ಆಗ ರಸ್ತೆಯಲ್ಲಿ ಇಷ್ಟು ವೇಗ ಇರಲಿಲ್ಲ.

ಭಾರವಾದ ಬೈಕ್ ಸೇಫಾ?

ಮೀಟಿಯೋರ್ 350ರ ತೂಕ 191 ಕೆ.ಜಿ. ಹಿಮಾಲಯನ್ 450ರದ್ದು 196 ಕೆ.ಜಿ. ಹತ್ತಿರ ಹತ್ತಿರ ಒಂದೇ. ಆದರೆ ಎರಡನ್ನೂ ನಿಲ್ಲಿಸಿಕೊಂಡು ತಳ್ಳಿ ನೋಡಿದವರು ಹಿಮಾಲಯನ್ನೇ ಭಾರ ಎನ್ನುತ್ತಾರೆ. ಕಾರಣ ತೂಕವಲ್ಲ, ತೂಕ ಎಷ್ಟು ಎತ್ತರದಲ್ಲಿ ಕೂತಿದೆ ಎನ್ನುವುದು. ಒಂದರ ಸೀಟು ನೆಲದಿಂದ 765 ಮಿ.ಮೀ., ಇನ್ನೊಂದರದ್ದು 825 ಮಿ.ಮೀ. ಐದು ಅಡಿ ಮೂರು ಇಂಚಿನ ಸವಾರನಿಗೆ ಒಂದರಲ್ಲಿ ಪಾದ ಪೂರ್ತಿ ನೆಲಕ್ಕೆ ಊರುತ್ತದೆ, ಇನ್ನೊಂದರಲ್ಲಿ ತುದಿಗಾಲು. ಸಿಗ್ನಲ್‌ನಲ್ಲಿ, ಇಳಿಜಾರಿನಲ್ಲಿ, ಜಲ್ಲಿ ಮೇಲೆ ನಿಲ್ಲುವಾಗ ಬೀಳುವುದು ಹೀಗೇ. ಇಲ್ಲಿ ಕ್ರೂಸರ್ ಗೆಲ್ಲುತ್ತದೆ, ಒಪ್ಪಲೇಬೇಕು. ಅವೆಂಜರ್ ಕ್ರೂಸ್ 220ರ ಸೀಟಂತೂ 737 ಮಿ.ಮೀ. ಮಾತ್ರ.

ನೇರ ರಸ್ತೆಯಲ್ಲಿ ಕ್ರೂಸರ್ ಅಲ್ಲಾಡದೆ ಹೋಗುವುದೂ ನಿಜ. ಆದರೆ ಅದಕ್ಕೆ ಕಾರಣ ಬರೀ ತೂಕವಲ್ಲ. ಎರಡು ಚಕ್ರಗಳ ನಡುವಿನ ಅಂತರ ಹೆಚ್ಚು, ಮುಂದಿನ ಫೋರ್ಕ್ ಹೆಚ್ಚು ಓರೆ. ಅದೇ ಕಾರಣಕ್ಕೆ ತಿರುವಿನಲ್ಲಿ ಅದು ನಿಧಾನವಾಗಿ ತಿರುಗುತ್ತದೆ. ಎದುರಿಗೆ ದಿಢೀರನೆ ಎಮ್ಮೆ ಬಂದರೆ ಪಕ್ಕಕ್ಕೆ ಸರಿಯಲು ಒಂದು ಕ್ಷಣ ಹೆಚ್ಚು ಬೇಕು.

ಇನ್ನು ಅಪಘಾತದ ಮಾತು. ಬಡಿತದ ಬಲವನ್ನು ಎಲ್ಲಕ್ಕಿಂತ ಹೆಚ್ಚಿಸುವುದು ವೇಗ. 60ರಿಂದ 80 ಕಿ.ಮೀ.ಗೆ ಏರಿದರೆ ವೇಗ ಮೂರನೇ ಒಂದು ಭಾಗ ಹೆಚ್ಚಿತು ಅಷ್ಟೇ, ಆದರೆ ಬ್ರೇಕ್ ಅರಗಿಸಿಕೊಳ್ಳಬೇಕಾದ ಶಕ್ತಿ ಸುಮಾರು 1.8 ಪಟ್ಟು. ತೂಕ ಕಾಪಾಡುವುದಿಲ್ಲ. ಕಾಪಾಡುವುದರಲ್ಲಿ ಎಬಿಎಸ್ ಒಂದು. 2019ರ ಏಪ್ರಿಲ್‌ನಿಂದ 125 ಸಿ.ಸಿ. ಮೀರಿದ ಎಲ್ಲ ಹೊಸ ಬೈಕ್‌ಗಳಿಗೂ ಅದು ಕಡ್ಡಾಯ. ಹಳೇ ಬೈಕ್ ಕೊಳ್ಳುವವರು ಇದೆಯೋ ಇಲ್ಲವೋ ನೋಡಿಕೊಳ್ಳಿ. ಇನ್ನೊಂದು ಹೆಲ್ಮೆಟ್. ಕ್ರೂಸರ್ ಕೊಂಡವರಿಗೆ ಅದರ ಜೊತೆ ತಲೆ ಮೇಲೆ ಬಟ್ಟಲು ಕವುಚಿದ ಹಾಗಿನ ಟೋಪಿ ಹೆಲ್ಮೆಟ್ ಹಾಕುವ ಆಸೆ. 2021ರ ಜೂನ್‌ನಿಂದ ಐಎಸ್‌ಐ ಗುರುತಿಲ್ಲದ ಹೆಲ್ಮೆಟ್ ಮಾರುವುದೇ ಕಾನೂನುಬಾಹಿರ. ಗಲ್ಲ ಮುಚ್ಚದ ಹೆಲ್ಮೆಟ್ ಲಾರಿ ಹಿಂದಿನ ಕೆಂಧೂಳಿಗೂ ಪ್ರಯೋಜನಕ್ಕೆ ಬಾರದು.

ಬಳ್ಳಾರಿ ಬಿಸಿಲು

"ಗಾಳಿ ಬಡಿದರೆ ತಂಪು, ಜಾಕೆಟ್ ಬೇಡ" ಎನ್ನುವುದು ಮೆಸೇಜಿನಲ್ಲಿಲ್ಲ, ಆದರೆ ಎಲ್ಲರ ಬಾಯಲ್ಲಿದೆ. ನಮ್ಮ ಚರ್ಮದ ಉಷ್ಣತೆ ಸುಮಾರು 35 ಡಿಗ್ರಿ. ಹೊರಗೆ 28 ಡಿಗ್ರಿ ಇದ್ದಾಗ ಗಾಳಿ ಮೈಯಿಂದ ಶಾಖ ಎಳೆದುಕೊಳ್ಳುತ್ತದೆ. ಏಪ್ರಿಲ್ ಮೇನಲ್ಲಿ ಬಳ್ಳಾರಿ 40 ದಾಟಿದಾಗ ಅದೇ ಗಾಳಿ ಮೈಗೆ ಶಾಖ ತುಂಬುತ್ತದೆ. ಆಗ ತಂಪು ಮಾಡುವುದು ಬೆವರು ಮಾತ್ರ. ಅದೂ ಗಾಳಿಗೆ ಹುಟ್ಟಿದಲ್ಲೇ ಆರಿಹೋಗುವುದರಿಂದ ಎಷ್ಟು ನೀರು ಕಳೆದುಕೊಂಡೆವು ಎನ್ನುವುದು ಗೊತ್ತಾಗುವುದೇ ಇಲ್ಲ. ತಲೆ ಸುತ್ತಿದಾಗ ಗೊತ್ತಾಗುತ್ತದೆ.

ಹಲಕುಂದಿ ದಾಟಿ ಹಿರೇಹಾಳ್, ರಾಂಪುರ, ಚಳ್ಳಕೆರೆ, ಹಿರಿಯೂರು ಮೇಲೆ ಬೆಂಗಳೂರಿಗೆ ಸುಮಾರು 300 ಕಿ.ಮೀ. ಬಯಲು, ನೆರಳು ಕಡಿಮೆ. ಕ್ರೂಸರ್‌ನಲ್ಲಿ ಎದೆ ಸೆಟೆಸಿ, ಕೈ ಅಗಲಿಸಿ ಕೂತವರು ಹಾಯಿಪಟದ ಹಾಗೆ. ಗಾಳಿಯ ತಡೆ ವೇಗದ ವರ್ಗಕ್ಕೆ ತಕ್ಕಂತೆ ಏರುವುದರಿಂದ, ಗಂಟೆಗೆ 60 ಕಿ.ಮೀ.ನಲ್ಲಿ ಇದ್ದುದು 90ರಲ್ಲಿ ಎರಡೂಕಾಲು ಪಟ್ಟು ಆಗುತ್ತದೆ. ಭುಜ, ಕುತ್ತಿಗೆ ನೋಯುವುದು ಇದಕ್ಕೇ. ಮುಂದೆ ಗಾಜು ಹಾಕಿಸಿಕೊಂಡರೆ ಕ್ರೂಸರ್‌ನಲ್ಲೂ ಇದು ಬಹಳಷ್ಟು ಕಡಿಮೆಯಾಗುತ್ತದೆ. ಜಾಲರಿ ಬಟ್ಟೆಯ ಜಾಕೆಟ್, ಗಂಟೆಗೊಮ್ಮೆ ನಿಂತು ನೀರು, ಸಾಧ್ಯವಾದರೆ ಬೆಳಗ್ಗೆ ಐದಕ್ಕೆ ಹೊರಡುವುದು: ಇಷ್ಟು ಯಾವ ಬೈಕಿಗೂ ಅನ್ವಯ.

ಹಿಂದೆ ಕೂರುವವರನ್ನು ಯಾರೂ ಕೇಳುವುದಿಲ್ಲ

ನಮ್ಮ ಊರುಗಳಲ್ಲಿ ಬೈಕಿನ ಹಿಂದಿನ ಸೀಟು ಅಮ್ಮನದು, ಹೆಂಡತಿಯದು. ಸೀರೆ ಉಟ್ಟು ಒಂದೇ ಬದಿಗೆ ಕಾಲು ಹಾಕಿ ಕೂರುವುದೂ ಉಂಟು. ಕೆಲವು ಕ್ರೂಸರ್‌ಗಳ ಹಿಂದಿನ ಸೀಟು ಚಿಕ್ಕದು, ಹಿಂದಕ್ಕೆ ಇಳಿಜಾರು. ಟೂರರ್‌ನಲ್ಲಿ ಸೀಟು ಅಗಲ, ಆದರೆ ಎತ್ತರ. ವಯಸ್ಸಾದವರಿಗೆ ಹತ್ತುವುದೇ ಕಷ್ಟ, ಪಕ್ಕದಲ್ಲಿ ಪೆಟ್ಟಿಗೆ ಕಟ್ಟಿದರೆ ಕಾಲಿಡಲು ಜಾಗವಿಲ್ಲ. ಹಿಂದೆ ಕೂರುವವರಿಗೆ ಹಿಡಿ, ಫುಟ್‌ರೆಸ್ಟ್, ಬಟ್ಟೆ ಚಕ್ರಕ್ಕೆ ಸಿಕ್ಕದಂತೆ ಗಾರ್ಡ್ ಇರಲೇಬೇಕೆಂದು ಕೇಂದ್ರ ಮೋಟಾರು ವಾಹನ ನಿಯಮ 123 ಹೇಳುತ್ತದೆ. ಅಂದಕ್ಕೆಂದು ಸೀರೆ ಗಾರ್ಡ್ ಬಿಚ್ಚಿಸುವವರು ಇದನ್ನು ಗಮನಿಸಿ. ಹಿಂಬದಿ ಸವಾರರಿಗೂ ಹೆಲ್ಮೆಟ್ ಕರ್ನಾಟಕದಲ್ಲಿ 2016ರ ಜನವರಿಯಿಂದ ಕಡ್ಡಾಯ.

ದುಡ್ಡಿನ ಒಂದು ಲೆಕ್ಕವೂ ಬೇಕು. 2025ರ ಸೆಪ್ಟೆಂಬರ್ 22ರಿಂದ 350 ಸಿ.ಸಿ.ವರೆಗಿನ ಬೈಕ್‌ಗಳ ಜಿಎಸ್‌ಟಿ ಶೇ 28ರಿಂದ 18ಕ್ಕೆ ಇಳಿಯಿತು, ಅದನ್ನು ಮೀರಿದವಕ್ಕೆ ಶೇ 40 ಆಯಿತು. ಹಾಗಾಗಿ 349 ಸಿ.ಸಿ.ಯ ಮೀಟಿಯೋರ್‌ಗೂ 452 ಸಿ.ಸಿ.ಯ ಹಿಮಾಲಯನ್‌ಗೂ ನಡುವಿನ ಅಂತರ ಬರೀ ಎಂಜಿನ್ನಿನದ್ದಲ್ಲ, ಕಂತಿನದ್ದೂ ಹೌದು.

ತಮ್ಮನಿಗೆ ನಾನು ಹೇಳಿದ್ದು ಇಷ್ಟು: ಶೋರೂಮಿನಲ್ಲಿ ಬೈಕ್ ಮೇಲೆ ಎರಡು ನಿಮಿಷವಲ್ಲ, ಹದಿನೈದು ನಿಮಿಷ ಕೂರು. ಟೆಸ್ಟ್ ರೈಡ್ ಕೊಟ್ಟಾಗ ಹೊಸ ರೋಡಿಗೆ ಹೋಗಬೇಡ, ನೀನು ದಿನಾ ಓಡಾಡುವ ರಸ್ತೆಗೇ ಒಯ್ಯಿ. ಚಿಕ್ಕಮ್ಮನನ್ನು ಹಿಂದೆ ಕೂರಿಸಿಕೊಂಡು ಹೋಗು. ಡಾಕ್ಟರ್ ಏನಂದರು ಎಂದು ಅದಕ್ಕೂ ಮೊದಲು ಹೇಳು.

ನಾಲ್ಕು ದಿನ ಬಿಟ್ಟು ಮೆಸೇಜ್ ಬಂತು. ಡಾಕ್ಟರ್ ಎಕ್ಸ್‌ರೇ ನೋಡಿ ಆರು ವಾರ ಫಿಸಿಯೋಥೆರಪಿ ಬರೆದಿದ್ದಾರೆ, ಅಡ್ವಾನ್ಸ್ ಇನ್ನೂ ಕಟ್ಟಿಲ್ಲ. ಚಿಕ್ಕಮ್ಮ ಎರಡೂ ಬೈಕ್ ಹತ್ತಿ ಇಳಿದು, "ಇದಕ್ಕಿಂತ ನಿಮ್ಮಪ್ಪನ ಹಳೇ ಸ್ಕೂಟರೇ ವಾಸಿ" ಅಂದರಂತೆ.