ಹಿಡಿಯಷ್ಟಿದ್ದ ಮಗು, ಮಿಷನ್ ಆಸ್ಪತ್ರೆಯ ಪುಸ್ತಕ

ಯಲಹಂಕ ಕೆರೆಯ ಏರಿ ಮೇಲೆ ಬೆಳಿಗ್ಗೆ ಆರಕ್ಕೇ ಜನ ಸೇರುತ್ತಾರೆ. ಮಂಕಿ ಟೋಪಿ ಹಾಕಿಕೊಂಡ ಹಿರಿಯರು, ಸೀರೆಯ ಕೆಳಗೆ ಸ್ಪೋರ್ಟ್ಸ್ ಶೂ ತೊಟ್ಟ ಹೆಂಗಸರು, ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡ ಸಾಫ್ಟ್‌ವೇರ್ ಹುಡುಗರು. ರಸ್ತೆ ಬದಿಯಲ್ಲಿ ಬೂದುಗುಂಬಳಕಾಯಿ ಜ್ಯೂಸು, ಮೊಳಕೆಕಾಳು. ನನ್ನಕ್ಕ ಮೂರು ವರ್ಷದಿಂದ ಇಲ್ಲಿ ನಡೆಯುತ್ತಿದ್ದಾಳೆ. ಮೊದಲ ಎಂಟು ತಿಂಗಳಲ್ಲಿ ಒಂಬತ್ತು ಕೆಜಿ ಇಳಿದಳು. ಆಮೇಲಿನ ಒಂದು ವರ್ಷದಲ್ಲಿ ಏಳು ಕೆಜಿ ವಾಪಸು ಬಂತು. ನಡಿಗೆ ಬಿಟ್ಟಿರಲಿಲ್ಲ. ಅನ್ನ ಬಿಟ್ಟು ಮುದ್ದೆಗೆ ಬಂದಿದ್ದಳು, ಕಾಫಿಗೆ ಸಕ್ಕರೆ ನಿಂತು ಎಷ್ಟೋ ದಿನವಾಗಿತ್ತು. ಆದರೂ ಯಾವ ಮದುವೆ ಮನೆಗೆ ಹೋದರೂ ಯಾರಾದರೊಬ್ಬರು ಎಲೆ ಮುಂದೆ ಕೂತವಳಿಗೆ ಹೇಳಿಯೇ ಹೇಳುತ್ತಾರೆ: "ಸ್ವಲ್ಪ ಬಾಯಿ ಕಟ್ಟಬೇಕಮ್ಮ."

ಬಾಯಿ ಕಟ್ಟುವುದು ಒಂದು ಕಾಲಕ್ಕೆ ಪಥ್ಯದ ಮಾತಾಗಿತ್ತು. ಈಗ ಅದು ಆರೋಪವಾಗಿದೆ. ತೂಕ ಇಳಿಯಲಿಲ್ಲವೆಂದರೆ ಬಾಯಿ ಕಟ್ಟಲಿಲ್ಲ, ಕದ್ದು ತಿಂದಳು, ಮನಸ್ಸು ಗಟ್ಟಿಯಿಲ್ಲ ಎಂದೇ ತೀರ್ಮಾನ. ಈ ತೀರ್ಮಾನ ತಪ್ಪು ಎಂದು ಕಂಡುಕೊಳ್ಳಲು ವಿಜ್ಞಾನಕ್ಕೆ ಅರ್ಧ ಶತಮಾನ ಹಿಡಿಯಿತು. ಆ ಕತೆಯ ಒಂದು ತುದಿ ಅಮೆರಿಕದ ಒಂದು ಇಲಿಗೂಡಿನಲ್ಲಿದೆ. ಇನ್ನೊಂದು ತುದಿ ನಮ್ಮ ಮೈಸೂರಿನಲ್ಲಿ.

ಇಲಿಯಿಂದಲೇ ಶುರು ಮಾಡುತ್ತೇನೆ. ಅಮೆರಿಕದ ಈಶಾನ್ಯ ಮೂಲೆಯ ಬಾರ್ ಹಾರ್ಬರ್ ಎಂಬ ಕಡಲತಡಿಯ ಊರಿನಲ್ಲಿ ಜಾಕ್ಸನ್ ಪ್ರಯೋಗಾಲಯವಿದೆ. ಸಂಶೋಧನೆಗಾಗಿ ಇಲಿ ತಳಿಗಳನ್ನು ಸಾಕುವುದಕ್ಕೇ ಅದು ಹೆಸರಾದದ್ದು. 1949ರಲ್ಲಿ ಅಲ್ಲಿನ ಒಂದು ಗೂಡಿನಲ್ಲಿ ಉಂಡೆಯಂತೆ ಊದಿದ ಇಲಿಯೊಂದು ಕಾಣಿಸಿತು. ಮೊದಲು ಬಸುರಿ ಇರಬೇಕು ಅಂದುಕೊಂಡರು. ಬಸುರಿಯಲ್ಲ, ಬರೀ ಕೊಬ್ಬು. ಎಷ್ಟು ತಿಂದರೂ ಅದಕ್ಕೆ ಸಾಲುತ್ತಿರಲಿಲ್ಲ, ತೂಕ ಜೊತೆಯವುಗಳ ಮೂರು ಪಟ್ಟು. 1966ರಲ್ಲಿ ಇಂಥದೇ ಇನ್ನೊಂದು ತಳಿ ಸಿಕ್ಕಿತು. ಅದಕ್ಕೆ ಬೊಜ್ಜಿನ ಜೊತೆ ಉಗ್ರವಾದ ಸಕ್ಕರೆ ಕಾಯಿಲೆಯೂ ಇತ್ತು.

ಅಲ್ಲೇ ಕೆಲಸದಲ್ಲಿದ್ದ ಡಗ್ಲಸ್ ಕೋಲ್ಮನ್ ಎಂಬ ಜೀವರಸಾಯನ ವಿಜ್ಞಾನಿ ಈ ಎರಡೂ ತಳಿಗಳನ್ನು ಕೈಗೆತ್ತಿಕೊಂಡರು. ಎರಡು ಇಲಿಗಳ ಪಕ್ಕೆ ಸೇರಿಸಿ ಹೊಲಿದು, ಒಂದರ ರಕ್ತ ಇನ್ನೊಂದಕ್ಕೆ ಹರಿಯುವಂತೆ ಮಾಡಿದರು. ಓದಲು ಮನಸ್ಸು ಹಿಂಡುವ ಪ್ರಯೋಗ ಅದು. ಸಕ್ಕರೆ ಕಾಯಿಲೆಯ ಇಲಿಯನ್ನು ಸಾಮಾನ್ಯ ಇಲಿಗೆ ಹೊಲಿದಾಗ ಸಾಮಾನ್ಯ ಇಲಿ ಊಟ ಬಿಟ್ಟು ಉಪವಾಸ ಸತ್ತಿತು. ಸಕ್ಕರೆ ಕಾಯಿಲೆಯದನ್ನು ಮೊದಲಿನ ದಪ್ಪ ಇಲಿಗೆ ಹೊಲಿದಾಗ ಆ ದಪ್ಪ ಇಲಿಯೂ ಉಪವಾಸ ಬಿದ್ದು ಸತ್ತಿತು. ದಪ್ಪ ಇಲಿಯನ್ನು ಸಾಮಾನ್ಯ ಇಲಿಗೆ ಹೊಲಿದಾಗ ಮಾತ್ರ ಎರಡೂ ಬದುಕಿದವು, ದಪ್ಪ ಇಲಿ ತಿನ್ನುವುದನ್ನು ಕಡಿಮೆ ಮಾಡಿತು. ಕೋಲ್ಮನ್ ಕೂತು ತಾಳೆ ಹಾಕಿದರು. ರಕ್ತದಲ್ಲಿ 'ಸಾಕು' ಎನ್ನುವ ಏನೋ ಒಂದು ಹರಿಯುತ್ತಿದೆ. ದಪ್ಪ ಇಲಿಯ ಮೈ ಅದನ್ನು ತಯಾರಿಸುತ್ತಿಲ್ಲ. ಸಕ್ಕರೆ ಕಾಯಿಲೆಯ ಇಲಿ ಅದನ್ನು ಧಾರಾಳವಾಗಿ ತಯಾರಿಸುತ್ತದೆ, ಆದರೆ ಅದರ ಮಿದುಳಿಗೆ ಆ ಮಾತು ಕೇಳಿಸುತ್ತಿಲ್ಲ. 1973ರಲ್ಲಿ ಇದನ್ನು ಬರೆದು ಪ್ರಕಟಿಸಿದರು. ಬೊಜ್ಜು ಎಂದರೆ ನಡತೆಯ ದೋಷ ಎಂದೇ ವಿಜ್ಞಾನಿಗಳೂ ನಂಬಿದ್ದ ಕಾಲ. ಹೆಚ್ಚಿನವರು ಅವರ ಮಾತಿಗೆ ಕಿವಿಗೊಡಲಿಲ್ಲ.

ಆ 'ಏನೋ ಒಂದು' ಕೈಗೆ ಸಿಕ್ಕಿದ್ದು 1994ರಲ್ಲಿ. ನ್ಯೂಯಾರ್ಕಿನ ರಾಕೆಫೆಲರ್ ವಿಶ್ವವಿದ್ಯಾಲಯದ ಜೆಫ್ರಿ ಫ್ರೀಡ್ಮನ್ ತಂಡ ಎಂಟು ವರ್ಷ ಹುಡುಕಿ ದಪ್ಪ ಇಲಿಯಲ್ಲಿ ಕೆಟ್ಟುಹೋಗಿದ್ದ ಜೀನನ್ನು ಪತ್ತೆ ಹಚ್ಚಿತು. ಅದರಿಂದ ತಯಾರಾಗುವ ಹಾರ್ಮೋನಿಗೆ ಲೆಪ್ಟಿನ್ ಎಂದು ಹೆಸರಿಟ್ಟರು. ಗ್ರೀಕ್ ಭಾಷೆಯಲ್ಲಿ ಲೆಪ್ಟೋಸ್ ಅಂದರೆ ತೆಳ್ಳಗಿನ. ಅದನ್ನು ಸ್ರವಿಸುವುದು ಬೇರೆ ಯಾವುದೂ ಅಲ್ಲ, ನಾವು ಬರೀ ದಾಸ್ತಾನು ಎಂದುಕೊಂಡಿದ್ದ ಕೊಬ್ಬೇ. ಮೂರು ವರ್ಷದ ನಂತರ ಕೇಂಬ್ರಿಜ್‌ನ ವೈದ್ಯರು ಪಾಕಿಸ್ತಾನ ಮೂಲದ ಕುಟುಂಬದ ಇಬ್ಬರು ಮಕ್ಕಳಲ್ಲಿ ಇದೇ ಜೀನು ಕೆಟ್ಟಿರುವುದನ್ನು ಕಂಡರು. ಎಂಟು ವರ್ಷದ ಹುಡುಗಿ 86 ಕೆಜಿ, ಅವಳ ಸಂಬಂಧಿ ಎರಡು ವರ್ಷದ ಹುಡುಗ 29 ಕೆಜಿ. ಆ ಹುಡುಗಿಗೆ ದಿನಾ ಲೆಪ್ಟಿನ್ ಚುಚ್ಚಿದರು. ಒಂದು ವರ್ಷದಲ್ಲಿ 16 ಕೆಜಿ ಇಳಿದಳು. ಅಲ್ಲಿಯವರೆಗೆ ಊಟ ಕೊಡದಿದ್ದರೆ ರಂಪ ಮಾಡುತ್ತಿದ್ದ ಮಗು ಅದು. ಆ ಹಸಿವು ಅವಳ ತಪ್ಪಾಗಿರಲಿಲ್ಲ.

ಆಗ ಎಲ್ಲರೂ ಔಷಧಿ ಸಿಕ್ಕಿತು ಅಂದುಕೊಂಡರು. ಸಿಗಲಿಲ್ಲ. ದಪ್ಪಗಿರುವ ಬಹುಪಾಲು ಜನರ ರಕ್ತದಲ್ಲಿ ಲೆಪ್ಟಿನ್ ಮೊದಲೇ ಹೆಚ್ಚಾಗಿರುತ್ತದೆ. ಇನ್ನಷ್ಟು ಕೊಟ್ಟರೂ ಹೇಳಿಕೊಳ್ಳುವಂಥ ಫಲವಿಲ್ಲ ಎಂದು 1999ರ ಪರೀಕ್ಷೆಯಲ್ಲಿ ಗೊತ್ತಾಯಿತು. ಆದರೆ ಆ ನಿರಾಸೆಯ ಬೆನ್ನಿಗೇ ನನ್ನಕ್ಕನ ಏಳು ಕೆಜಿಗೆ ಉತ್ತರ ಸಿಕ್ಕಿತು. ಲೆಪ್ಟಿನ್ನಿನ ದೊಡ್ಡ ಕೆಲಸ ಹೆಚ್ಚು ತಿಂದವರನ್ನು ತಡೆಯುವುದಲ್ಲ. ಕೊಬ್ಬು ಕರಗುತ್ತಿದ್ದಂತೆ ಅದು ಕುಸಿಯುತ್ತದೆ, ಕುಸಿದಾಗ ಮಿದುಳು 'ಬರ ಬಂತು' ಎಂದು ಓದಿಕೊಳ್ಳುತ್ತದೆ. ಹಸಿವು ಏರುತ್ತದೆ, ಮೈ ಶಕ್ತಿ ಸುಡುವುದನ್ನು ಬಿಗಿಮಾಡುತ್ತದೆ. ರಾಕೆಫೆಲರ್‌ನಲ್ಲೇ ರುಡಾಲ್ಫ್ ಲೀಬೆಲ್ ಮತ್ತು ಮೈಕೆಲ್ ರೋಸೆನ್‌ಬಾಮ್ 1995ರಲ್ಲಿ ಇದನ್ನು ಅಳೆದು ತೋರಿಸಿದ್ದರು. ತೂಕದಲ್ಲಿ ನೂರಕ್ಕೆ ಹತ್ತು ಪಾಲು ಇಳಿಸಿದವರ ಮೈ ಸುಡುವ ಶಕ್ತಿ, ಗಾತ್ರ ಕಿರಿದಾದ ಲೆಕ್ಕಕ್ಕೆ ಕಡಿಮೆಯಾಗಬೇಕಾದದ್ದಕ್ಕಿಂತಲೂ ಹೆಚ್ಚು ಕಡಿಮೆಯಾಗುತ್ತದೆ. ಅಂಥವರಿಗೆ ಲೆಪ್ಟಿನ್ ಮರಳಿ ಕೊಟ್ಟು ನೋಡಿದಾಗ ಆ ಬಿಗಿ ಬಹುಪಾಲು ಸಡಿಲವಾಯಿತು. 2011ರಲ್ಲಿ ಆಸ್ಟ್ರೇಲಿಯಾದ ಮೆಲ್ಬರ್ನ್‌ನಲ್ಲಿ 50 ಜನರನ್ನು ಹತ್ತು ವಾರ ಕಟ್ಟುನಿಟ್ಟಿನ ಪಥ್ಯದಲ್ಲಿ ಇಟ್ಟರು. ಸರಾಸರಿ 13 ಕೆಜಿ ದಾಟಿ ಇಳಿದರು. ವರ್ಷ ಕಳೆದ ಮೇಲೆ ರಕ್ತ ಪರೀಕ್ಷಿಸಿದರೆ ಹಸಿವಿನ ಹಾರ್ಮೋನು ಇನ್ನೂ ಏರಿಯೇ ಇತ್ತು, ತೃಪ್ತಿಯ ಹಾರ್ಮೋನುಗಳು ಇಳಿದೇ ಇದ್ದವು. ಪಥ್ಯ ಮುಗಿದರೂ ಮೈ ಅದನ್ನು ಮರೆತಿರಲಿಲ್ಲ.

ಇದನ್ನು ಓದಿದ ದಿನ ಅಕ್ಕನಿಗೆ ಫೋನ್ ಮಾಡಿ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಾಗಾದ್ರೆ ಹಸಿವು ನಿಜವಾಗ್ಲೂ ಇತ್ತು ಅಲ್ವಾ?" ಅಂದಳು. ಇಷ್ಟು ದಿನ ಅವಳೇ ಅವಳ ಹಸಿವನ್ನು ನಂಬಿರಲಿಲ್ಲ.

ಮುದ್ದೆಯ ವಿಷಯವನ್ನೂ ಇಲ್ಲೇ ಹೇಳಿಬಿಡುತ್ತೇನೆ. ಜಿಕೆವಿಕೆ ಕೃಷಿ ವಿಶ್ವವಿದ್ಯಾಲಯದ ಪಕ್ಕದ ಊರಿನವರಾದ ನಮಗೆ ರಾಗಿಯ ಮೇಲೆ ಅಭಿಮಾನ ಸಹಜ. ಅದರ ಸುಣ್ಣದ ಅಂಶ, ನಾರು ಯಾವುದೂ ಸುಳ್ಳಲ್ಲ. ಆದರೆ 100 ಗ್ರಾಂ ರಾಗಿಯಲ್ಲಿ ಸುಮಾರು 320 ಕ್ಯಾಲೊರಿ, ಅಷ್ಟೇ ಅಕ್ಕಿಯಲ್ಲಿ ಸುಮಾರು 355. ಅನ್ನದ ಬದಲು ಎರಡು ಮುದ್ದೆ ಉಂಡು ತೂಕ ಇಳಿಯಲಿಲ್ಲ ಎಂದು ನೊಂದುಕೊಳ್ಳುವವರು ಈ ಲೆಕ್ಕ ತಿಳಿದಿರಬೇಕು.

ಇನ್ನು ಮೈಸೂರು. ಅಕ್ಕನನ್ನು ನೋಡಿದಾಗಲೆಲ್ಲ ಅಮ್ಮ ಹೇಳುವ ಮಾತೊಂದಿದೆ: "ಹುಟ್ದಾಗ ಹಿಡಿಯಷ್ಟಿದ್ದಳು. ಎರಡು ಕೆಜಿ ಚಿಲ್ಲರೆ. ಇವಳು ಹೀಗೆ ದಪ್ಪ ಆಗ್ತಾಳೆ ಅಂತ ಯಾರು ಅಂದ್ಕೊಂಡಿದ್ರು!" ಅಮ್ಮನಿಗೆ ಅದು ವಿಚಿತ್ರ. ಹಿಡಿಯಷ್ಟಿದ್ದುದಕ್ಕೂ ಈಗಿನ ಮೈಗೂ ನಂಟಿರಬಹುದು ಎಂದು ತೋರಿಸಿದ ಕೆಲಸ ನಡೆದದ್ದು ಮೈಸೂರಿನ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯಲ್ಲಿ, ಊರವರ ಬಾಯಲ್ಲಿ ಮಿಷನ್ ಆಸ್ಪತ್ರೆಯಲ್ಲಿ.

1980ರ ದಶಕದಲ್ಲಿ ಇಂಗ್ಲೆಂಡಿನ ವೈದ್ಯ ಡೇವಿಡ್ ಬಾರ್ಕರ್ ಅವರಿಗೆ ಹರ್ಟ್‌ಫರ್ಡ್‌ಷೈರ್ ಪ್ರಾಂತ್ಯದ ಹಳೇ ದಾಖಲೆ ಪುಸ್ತಕಗಳು ಸಿಕ್ಕಿದ್ದವು. 1911ರಿಂದ ಅಲ್ಲಿನ ಮಕ್ಕಳ ಹುಟ್ಟಿದ ತೂಕ, ಒಂದು ವರ್ಷದ ತೂಕ ಎಲ್ಲ ಅದರಲ್ಲಿತ್ತು. ಕಡಿಮೆ ತೂಕದ ಕೂಸುಗಳು ದೊಡ್ಡವರಾದ ಮೇಲೆ ಹೃದಯದ ಕಾಯಿಲೆಯಿಂದ ಹೆಚ್ಚು ಸತ್ತಿದ್ದನ್ನು ಬಾರ್ಕರ್ 1989ರಲ್ಲಿ ತೋರಿಸಿದರು. ಬಡತನ, ಸಿಗರೇಟು ಏನೇನೋ ಕಾರಣವಿರಬಹುದು ಎಂದು ಅನೇಕರು ಒಪ್ಪಲಿಲ್ಲ. ಸಣ್ಣ ಮಕ್ಕಳು ಹುಟ್ಟುವುದೇ ರೂಢಿಯಾಗಿರುವ ದೇಶದಲ್ಲಿ ಇದನ್ನು ನೋಡಬೇಕಿತ್ತು. ಆದರೆ ಐವತ್ತು ವರ್ಷದ ಹಿಂದೆ ಹುಟ್ಟಿದ ಭಾರತೀಯ ಮಗುವಿನ ತೂಕ ಯಾರು ಬರೆದಿಟ್ಟಿರುತ್ತಾರೆ?

ಮಿಷನ್ ಆಸ್ಪತ್ರೆಯವರು ಬರೆದಿಟ್ಟಿದ್ದರು. 1934ರಿಂದ, ಹುಟ್ಟಿದ ಮಗುವಿನ ತೂಕ, ಉದ್ದ, ತಲೆಯ ಸುತ್ತಳತೆ. ಈ ಕತೆಯಲ್ಲಿ ನನ್ನನ್ನು ಎಲ್ಲಕ್ಕಿಂತ ಹೆಚ್ಚು ತಟ್ಟುವುದು ಈ ಬರವಣಿಗೆ. ಹೆರಿಗೆ ಕೋಣೆಯ ಗಡಿಬಿಡಿಯಲ್ಲಿ, ಯುದ್ಧಕಾಲದ ಅಭಾವದಲ್ಲಿ, ಇದು ಯಾರ ಉಪಯೋಗಕ್ಕೆ ಎಂದು ಗೊತ್ತಿಲ್ಲದೆಯೂ ಕೂಸನ್ನು ತಕ್ಕಡಿಗೆ ಹಾಕಿ, ಟೇಪು ಹಿಡಿದು, ಅಂಕಿ ಬರೆದ ಕೈಗಳು ಅವು. ಆ ಕೈಗಳು ಯಾರವು ಎಂದು ನನಗೆ ಗೊತ್ತಿಲ್ಲ.

ಇಂಗ್ಲೆಂಡಿನ ಸೌತಾಂಪ್ಟನ್‌ನಿಂದ ಬಂದ ಕ್ಯಾರೊಲಿನ್ ಫಾಲ್, ಕ್ಲಾಡಿಯಾ ಸ್ಟೈನ್, ಅವರ ಜೊತೆ ನಮ್ಮವರೇ ಆದ ಕುಮಾರನ್ ಮೊದಲಾದವರು 1934ರಿಂದ 1954ರೊಳಗೆ ಅಲ್ಲಿ ಹುಟ್ಟಿ, ಇನ್ನೂ ಆಸ್ಪತ್ರೆಯ ಆಸುಪಾಸಿನಲ್ಲೇ ವಾಸವಾಗಿದ್ದ 517 ಜನರನ್ನು ಪತ್ತೆ ಮಾಡಿ ಪರೀಕ್ಷಿಸಿದರು. 1996ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಫಲಿತಾಂಶ ಬಂತು. 45 ದಾಟಿದವರಲ್ಲಿ, ಹುಟ್ಟುವಾಗ ಎರಡೂವರೆ ಕೆಜಿ ಅಥವಾ ಅದಕ್ಕಿಂತ ಕಡಿಮೆ ಇದ್ದವರಲ್ಲಿ ನೂರಕ್ಕೆ 11 ಮಂದಿಗೆ ಹೃದಯದ ಕಾಯಿಲೆ. ಮೂರು ಕೆಜಿ ದಾಟಿದ್ದವರಲ್ಲಿ ನೂರಕ್ಕೆ 3.

ಸಕ್ಕರೆ ಕಾಯಿಲೆಯ ಲೆಕ್ಕ ಮಾತ್ರ ಎಣಿಸಿದಂತೆ ಬರಲಿಲ್ಲ. ಇಂಗ್ಲೆಂಡಿನಲ್ಲಿ ತೆಳ್ಳಗೆ ಹುಟ್ಟಿದವರಿಗೆ ಅದು ಹೆಚ್ಚು. ಮೈಸೂರಿನಲ್ಲಿ ಉದ್ದಕ್ಕೆ ಹೋಲಿಸಿದರೆ ದುಂಡಗೆ ಹುಟ್ಟಿದವರಿಗೆ, ತಾಯಂದಿರು ತೂಕದವರಾಗಿದ್ದವರಿಗೆ ಹೆಚ್ಚು ಕಂಡಿತು. ಗರ್ಭಿಣಿಯಾಗಿದ್ದಾಗ ಆ ತಾಯಂದಿರಿಗೇ ಸಕ್ಕರೆ ಏರಿತ್ತೇ? ಹಳೇ ಪುಸ್ತಕದಲ್ಲಿ ಅದು ಇರಲಿಲ್ಲ. ಆದ್ದರಿಂದ ಹೊಸ ಪುಸ್ತಕ ತೆರೆದರು. 1997–98ರಲ್ಲಿ ಅದೇ ಆಸ್ಪತ್ರೆಗೆ ಬಂದ 830 ಗರ್ಭಿಣಿಯರಿಗೆ ಗ್ಲೂಕೋಸ್ ಕುಡಿಸಿ ರಕ್ತ ಪರೀಕ್ಷಿಸಿದರು. ನೂರಕ್ಕೆ ಸುಮಾರು ಆರು ಮಂದಿಗೆ ಗರ್ಭಕಾಲದ ಸಕ್ಕರೆ ಕಾಯಿಲೆ ಇತ್ತು. ಅವರಿಗೆ ಹುಟ್ಟಿದ ಹೆಣ್ಣುಮಕ್ಕಳಲ್ಲಿ ಐದನೇ ವರ್ಷಕ್ಕೇ ಚರ್ಮದಡಿಯ ಕೊಬ್ಬು ಹೆಚ್ಚಿತ್ತು.

ಮುಖ್ಯವಾದ ಶೋಧ ಇನ್ನೊಂದಿತ್ತು. ಜಿ.ವಿ. ಕೃಷ್ಣವೇಣಿ, ಎಸ್.ಆರ್. ವೀಣಾ ಮತ್ತವರ ಜೊತೆಗಾರರು ಆ ಪರೀಕ್ಷೆಗೆ ಬಂದ ತಾಯಂದಿರ ಕೂಸುಗಳ ತೋಳು, ಬೆನ್ನಿನ ಚರ್ಮದ ಮಡಿಕೆಯನ್ನು ಚಿಮಟದಂಥ ಸಾಧನದಲ್ಲಿ ಹಿಡಿದು ಅಳೆದು, ಬ್ರಿಟನ್ನಿನ ಮಕ್ಕಳ ಅಳತೆಯೊಂದಿಗೆ ಹೋಲಿಸಿದರು. ಮೈಸೂರಿನ ಮಕ್ಕಳ ತೂಕ ಕಡಿಮೆ, ತೋಳಿನ ಮಾಂಸಖಂಡ ತೀರಾ ಕಡಿಮೆ. ಬೆನ್ನಿನ ಮೇಲಿನ ಕೊಬ್ಬು ಮಾತ್ರ ಅಷ್ಟು ಸೊರಗಿರಲಿಲ್ಲ. ನಾಲ್ಕು ವರ್ಷ ತುಂಬುವಾಗಲೂ ಇದೇ ಚಿತ್ರ. ಪುಣೆಯಲ್ಲಿ ವೈದ್ಯ ಚಿತ್ತರಂಜನ್ ಯಾಜ್ಞಿಕ್ ಅವರೂ ಇದನ್ನೇ ಕಂಡಿದ್ದರು. 2004ರಲ್ಲಿ ಅವರು ತಮ್ಮ ಮತ್ತು ಬ್ರಿಟಿಷ್ ಗೆಳೆಯ ಜಾನ್ ಯುಡ್ಕಿನ್ ಅವರ ಚಿತ್ರವನ್ನು ಲ್ಯಾನ್ಸೆಟ್‌ನಲ್ಲಿ ಅಕ್ಕಪಕ್ಕ ಹಾಕಿದರು. ಎತ್ತರಕ್ಕೆ ತಕ್ಕ ತೂಕ ಅಳೆಯುವ ಬಿಎಂಐ ಇಬ್ಬರದೂ ಒಂದೇ, 22.3. ಯುಡ್ಕಿನ್ ಮೈಯಲ್ಲಿ ಕೊಬ್ಬು ನೂರಕ್ಕೆ 9.1, ಯಾಜ್ಞಿಕರದ್ದು 21.2.

ನೋಡಲು ಸಣಕಲು, ಒಳಗೆ ಕೊಬ್ಬು. ತೂಕ ಇಳಿಸುವವರಿಗೆ ಇದು ಏಕೆ ಮುಖ್ಯ? ಸುಮ್ಮನೆ ಕೂತಿದ್ದರೂ ಶಕ್ತಿ ಸುಡುವುದರಲ್ಲಿ ಮಾಂಸಖಂಡ ಕೊಬ್ಬಿಗಿಂತ ಮುಂದು. ಅದೇ ಕಡಿಮೆ ಇದ್ದರೆ ಮೈಯ ದಿನದ ಖರ್ಚೂ ಕಡಿಮೆ. ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನಲ್ಲಿ ಪ್ರಕಾಶ್ ಶೆಟ್ಟಿ, ಮಾರಿಯೋ ಸೋರ್ಸ್ ಅಳೆದು ನೋಡಿದಾಗ, ವಿಶ್ರಾಂತಿಯಲ್ಲಿರುವ ಭಾರತೀಯರ ಮೈ ಸುಡುವ ಶಕ್ತಿ ಅಂತರರಾಷ್ಟ್ರೀಯ ಸೂತ್ರಗಳು ಹೇಳುವುದಕ್ಕಿಂತ ಕಡಿಮೆಯೇ ಇತ್ತು. ಬರೀ ಉಪವಾಸ ಮಾಡಿ ತೂಕ ಇಳಿಸಿದರೆ ಕೊಬ್ಬಿನ ಜೊತೆ ಇರುವ ಅಷ್ಟಿಷ್ಟು ಮಾಂಸಖಂಡವೂ ಹೋಗುತ್ತದೆ. ನಮ್ಮ ಏರಿ ಮೇಲೆ ನಡೆಯುವವರು ಸಾವಿರ, ಭಾರ ಎತ್ತುವ ವ್ಯಾಯಾಮ ಮಾಡುವವರು ಬೆರಳೆಣಿಕೆ. ಹೆಂಗಸರಿಗಂತೂ ಅದು ತಮ್ಮದಲ್ಲ ಎಂಬ ಭಾವನೆ. ಅದು ಅವರದೇ ಎಂದು ನಾನು ಗಟ್ಟಿಯಾಗಿ ಹೇಳುತ್ತೇನೆ. ಜೊತೆಗೆ ಕಾಳು, ಮೊಟ್ಟೆ, ಮೊಸರು ತಟ್ಟೆಯಲ್ಲಿರಲಿ.

ಈಗ ಹಸಿವನ್ನೇ ತಗ್ಗಿಸುವ ಇಂಜೆಕ್ಷನ್ನುಗಳು ಬಂದಿವೆ, 2025ರಲ್ಲಿ ನಮ್ಮ ಔಷಧಿ ಅಂಗಡಿಗಳಿಗೂ. ಅವು ಕೆಲಸ ಮಾಡುವುದೂ ಹಸಿವು ಬರೀ ಮನೋಬಲದ ವಿಷಯವಲ್ಲ ಎಂಬ ಮಾತಿಗೇ ಸಾಕ್ಷಿ. ಅವುಗಳಲ್ಲೊಂದಾದ ಸೆಮಗ್ಲುಟೈಡ್ ನಿಲ್ಲಿಸಿದವರಲ್ಲಿ ಇಳಿದ ತೂಕದ ಮೂರನೇ ಎರಡು ಪಾಲು ವರ್ಷದೊಳಗೆ ಮರಳಿ ಬಂದದ್ದೂ ದಾಖಲಾಗಿದೆ. ಮನೋಬಲ ಕುಗ್ಗಿ ಬಂದದ್ದಲ್ಲ, ಮೈ ತನ್ನ ಹಳೇ ಲೆಕ್ಕಕ್ಕೆ ಮರಳಿದ್ದು.

ಅಕ್ಕ ಈಗಲೂ ಏರಿ ಮೇಲೆ ನಡೆಯುತ್ತಾಳೆ. ಸಕ್ಕರೆ ಹಿಡಿತದಲ್ಲಿದೆ, ಮಂಡಿ ನೋವು ಕಡಿಮೆಯಾಗಿದೆ. ಉಳಿದ ಎರಡು ಕೆಜಿ ಇಳಿಕೆಯನ್ನು ಉಳಿಸಿಕೊಂಡಿದ್ದಾಳೆ. ಅದು ಸಣ್ಣ ಕೆಲಸವಲ್ಲ.

ಓದುವವರಲ್ಲಿ ಎರಡು ಕೇಳಿಕೆ. ಮುಂದಿನ ಸಲ ಯಾರಿಗಾದರೂ "ಬಾಯಿ ಕಟ್ಟು" ಎನ್ನುವ ಮೊದಲು, ಅವರು ಹುಟ್ಟಿದಾಗ ಎಷ್ಟು ತೂಕವಿದ್ದರು ಎಂದು ಕೇಳಿ. ಮತ್ತೆ, ನಿಮ್ಮ ಮನೆಯಲ್ಲಿ ಬಸುರಿ ಬಾಣಂತಿಯರಿದ್ದರೆ ಸರ್ಕಾರಿ ಆಸ್ಪತ್ರೆಯಲ್ಲಿ ಕೊಟ್ಟ ತಾಯಿ ಕಾರ್ಡನ್ನು ಲಸಿಕೆ ಮುಗಿಯಿತೆಂದು ಎಸೆಯಬೇಡಿ. ಗರ್ಭಕಾಲದ ಸಕ್ಕರೆ ಪರೀಕ್ಷೆಯ ಅಂಕಿ, ಮಗು ಹುಟ್ಟಿದ ತೂಕ ಅದರಲ್ಲಿ ಬರೆದಿದೆಯೇ ನೋಡಿ. ಇಲ್ಲದಿದ್ದರೆ ಕೇಳಿ ಬರೆಸಿ, ಆ ಮಗು ದೊಡ್ಡದಾಗುವವರೆಗೆ ಜೋಪಾನವಾಗಿಡಿ.